ಅರ್ಥಿಂಗ್ ಸರಿಯಿದೆ ಎಂದವನು ನಾನೇ

ಆ ಸಾಕೆಟ್ಟಿನ ಮುಚ್ಚಳವನ್ನು ಮೊದಲ ದಿನ ನಾನು ಬಿಚ್ಚಿ ನೋಡಿದ್ದೆನೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ. ಎರಡು ನೆನಪುಗಳಿವೆ. ಒಂದರಲ್ಲಿ ನಾನು ಸ್ಕ್ರೂ ತೆಗೆದು ತುಟಿಗಳ ನಡುವೆ ಹಿಡಿದುಕೊಂಡು ಒಳಗೆ ಇಣುಕುತ್ತೇನೆ. ಕಬ್ಬಿಣದ ರುಚಿ ಕೂಡ ನಾಲಗೆಗೆ ನೆನಪಿದೆ. ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಜೇಬಿನಿಂದ ಹೊರಗೇ ಬರುವುದಿಲ್ಲ. ಮೊದಲನೆಯದು ಸುಳ್ಳಿರಬೇಕು. ಇಣುಕಿದ್ದರೆ ಆ ತಂತಿ ಕಾಣಬೇಕಿತ್ತು. ಅಥವಾ ಇಣುಕಿಯೂ ನೋಡದೆ ಹೋಗಿರಬಹುದು. ಇದು ಇನ್ನೂ ಕೆಟ್ಟದ್ದು, ಆದ್ದರಿಂದ ಇದೇ ನಿಜವೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಈ ಘಟನೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟು ಸಲವೂ ಅದು ಸ್ವಲ್ಪ ನುಣುಪಾಗಿದೆ. ಹಾಗಾಗಿ ಇಲ್ಲಿ, ಕೈಯಿಂದ ಮುಟ್ಟಿದ್ದನ್ನು, ಮೀಟರಿನಲ್ಲಿ ಕಂಡದ್ದನ್ನು ಮೊದಲು ಬರೆಯುತ್ತೇನೆ. ಉಳಿದದ್ದಕ್ಕೆ ನನ್ನ ಮೇಲೆ ಪೂರ್ತಿ ಭಾರ ಹಾಕಬೇಡಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅಫಜಲಪುರದ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಟಿ.ವಿ. ರಿಪೇರಿ ಅಂಗಡಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಅಂಗಡಿ ಹಾಕಿದ್ದಾನೆ ಎಂಬ ಕಾರಣಕ್ಕೆ ಊರಿನವರು ನನ್ನನ್ನು ‘ಸರ್’ ಎನ್ನುತ್ತಿದ್ದರು. ಆ ಬೇಸಿಗೆಯ ಮೊದಲಲ್ಲಿ ಊರಿನ ಸಾಹುಕಾರರೊಬ್ಬರ ಮನೆಯಿಂದ ಕರೆ ಬಂತು. ಕರಜಗಿ ಕಡೆ ಕಬ್ಬು, ಊರಲ್ಲಿ ಬೇಳೆ ವ್ಯಾಪಾರ, ಶಾಬಾದಿ ಕಲ್ಲು ಹಾಸಿದ ದೊಡ್ಡ ಮನೆ. ಅವರ ಸೊಸೆ ಆಳಂದದವಳು. ಆಕೆಯ ಅಣ್ಣ ಮುಂಬಯಿಯಲ್ಲಿದ್ದ. ತಂಗಿಗೆಂದು ಅವನು ಒಂದು ಮೈಕ್ರೋವೇವ್ ಓವನ್ ಕಳಿಸಿದ್ದ. ಅಂಥ ಯಂತ್ರವನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ನಾನೂ ಚಿತ್ರದಲ್ಲಷ್ಟೇ ನೋಡಿದ್ದೆ.

ಪೆಟ್ಟಿಗೆಯಲ್ಲಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ಅಂಗಡಿಗೆ ತಂದು ಎರಡು ದಿನ ಓದಿದೆ. ಒಳಗೆ ಸಾವಿರಾರು ವೋಲ್ಟು ಹುಟ್ಟಿಸುವ ಟ್ರಾನ್ಸ್‌ಫಾರ್ಮರ್ ಇದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕೊಲ್ಲುವಷ್ಟು ವಿದ್ಯುತ್ತು ಉಳಿದಿರುತ್ತದೆ ಎಂದು ತಿಳಿದಾಗ ನನಗೆ ಭಯಕ್ಕಿಂತ ಉತ್ಸಾಹವೇ ಹೆಚ್ಚಾಯಿತು. ಬಾಗಿಲು ತೆರೆದರೆ ಅಲೆ ನಿಲ್ಲಬೇಕು, ಬಾಗಿಲ ಅಂಚು ಸೊಟ್ಟಗಿದ್ದರೆ ಬಳಸಬಾರದು, ಖಾಲಿ ಓಡಿಸಬಾರದು. ಇದೆಲ್ಲ ಓವನ್ನಿನ ಒಳಗಿನ ಅಪಾಯ. ನನ್ನ ಗಮನವೆಲ್ಲ ಅಲ್ಲೇ ಇತ್ತು.

ಮೂರನೆಯ ದಿನ ಹೋದೆ. ಅಡಿಗೆಮನೆಯಲ್ಲಿ ಹೊಸ ಸಾಕೆಟ್ಟನ್ನು ಊರಿನ ವೈರ್‌ಮನ್ ಆಗಲೇ ಹಾಕಿದ್ದ. ನನಗಿಂತ ಹತ್ತು ವರ್ಷ ಹಿರಿಯ, ಕೈಯಲ್ಲಿ ಕಸುಬಿದ್ದವನು. ಅಫಜಲಪುರದ ಅರ್ಧ ಮನೆಗಳಿಗೆ ಅವನದೇ ವೈರಿಂಗು. ನಾನು ಮೀಟರ್ ಹಿಡಿದೆ. ನೂರಾ ಎಂಬತ್ತು ವೋಲ್ಟಿನ ಆಸುಪಾಸು. ಸ್ಟೆಬಿಲೈಸರ್ ಬೇಕು ಎಂದೆ. ಅದು ಸಾಹುಕಾರರ ಹಳೆಯ ಫ್ರಿಜ್ಜಿನ ಹತ್ತಿರ ಇತ್ತು, ತಂದರು. ಆಮೇಲೆ ಅರ್ಥಿಂಗ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ಪಿನ್ನಿನ ಸಾಕೆಟ್ಟಿಗೆ ಮೂರು ತಂತಿ ಬರಬೇಕು. ಫೇಜ್ ವಿದ್ಯುತ್ತು ತರುತ್ತದೆ. ನ್ಯೂಟ್ರಲ್ ಅದನ್ನು ವಾಪಸು ಒಯ್ಯುತ್ತದೆ. ಮೂರನೆಯದು ಅರ್ಥ್, ಯಂತ್ರದ ಲೋಹದ ಮೈಯನ್ನು ಹೊರಗೆ ತೋಡಿದ ಗುಂಡಿಗೆ, ಅಂದರೆ ನೆಲಕ್ಕೆ, ಕಟ್ಟಿಹಾಕುತ್ತದೆ. ಒಳಗೆ ಏನು ಎಡವಟ್ಟಾದರೂ ವಿದ್ಯುತ್ತು ಮನುಷ್ಯನ ಮೂಲಕ ಹೋಗದೆ ಆ ತಂತಿಯ ಮೂಲಕ ನೆಲಕ್ಕೆ ಹೋಗಲಿ ಎಂದು. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರು ಹೊಯ್ಯುತ್ತಾರೆ. ನಮ್ಮ ಕಪ್ಪು ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಕುಡಿಯುವ ನೀರಿಗೇ ಸರದಿ ನಿಲ್ಲುವಾಗ ಗುಂಡಿಗೆ ಯಾರು ಹೊಯ್ಯುತ್ತಾರೆ? ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಅರ್ಥಿಂಗ್ ಪರೀಕ್ಷಿಸಲು ಫೇಜಿಗೂ ಅರ್ಥಿಗೂ ನಡುವೆ ಬಲ್ಬು ಹಿಡಿದರೆ ಅದು ಬೀಡಿಯ ತುದಿಯಂತೆ ಕೆಂಪಗೆ ಮಿಣುಕುವುದೇ ಹೆಚ್ಚು.

ನಾನು ನೂರು ಕ್ಯಾಂಡಲಿನ ಬಲ್ಬು ಹಿಡಿದೆ. ಅದು ಪೂರ್ತಿ ಬೆಳ್ಳಗೆ ಉರಿಯಿತು.

“ನೋಡ್ರಿ ಸರ್, ಹೆಂಗದ ಅರ್ಥಿಂಗ್,” ಎಂದ ವೈರ್‌ಮನ್.

ಇಡೀ ತಾಲ್ಲೂಕಿನಲ್ಲಿ ಇಂಥ ಅರ್ಥಿಂಗ್ ನೋಡಿಲ್ಲ ಎಂದು ನಾನು ಹೊಗಳಿದೆ. ಹೊಗಳಿದ್ದು ಖಂಡಿತ ನೆನಪಿದೆ. ಅವನು ನಕ್ಕ ರೀತಿಯೂ ನೆನಪಿದೆ. ದೇವರಿಂದ ಹಿಡಿದು ದಿನಪತ್ರಿಕೆಯವರೆಗೆ ಎಲ್ಲವನ್ನೂ ಅನುಮಾನಿಸುತ್ತಿದ್ದ ನಾನು, ಒಣಗಿ ಬಿರಿದ ನೆಲದಲ್ಲಿ ಇಷ್ಟು ಬೆಳ್ಳಗೆ ಉರಿದ ಬಲ್ಬನ್ನು ಮಾತ್ರ ಅನುಮಾನಿಸಲಿಲ್ಲ. ಅಂಗಳಕ್ಕೆ ಹೋಗಿ ಅರ್ಥ್ ತಂತಿ ಗುಂಡಿಗೆ ಇಳಿದಿದೆಯೇ ಎಂದು ನೋಡುವುದಕ್ಕೆ ಐದು ನಿಮಿಷ ಸಾಕಿತ್ತು. ಆ ಸಾಕೆಟ್ಟಿನಿಂದ ಗುಂಡಿಗೆ ತಂತಿಯೇ ಹೋಗಿರಲಿಲ್ಲ.

ಆಮೇಲೆ ಬಳಸುವುದನ್ನು ಕಲಿಸಿದೆ. ಸೊಸೆ ಪಿ.ಯು.ಸಿ. ವಿಜ್ಞಾನ ಓದಿದವಳು. ಒಮ್ಮೆ ಹೇಳಿದರೆ ಸಾಕು, ಹೇಳದೇ ಬಿಟ್ಟದ್ದನ್ನು ತಾನೇ ಕೇಳುತ್ತಿದ್ದಳು. ಸ್ಟೀಲು, ಹಿತ್ತಾಳೆ, ಜರಿಯಂಚಿನ ಪಿಂಗಾಣಿ ಬಸಿ ಒಳಗೆ ಹೋಗಬಾರದು, ಕಿಡಿ ಹಾರುತ್ತದೆ. ಬಿಗಿ ಮುಚ್ಚಳದ ಡಬ್ಬಿ ಇಡಬಾರದು, ಒಡೆಯುತ್ತದೆ. ಬರೀ ನೀರು ಕುದಿಯದಂತೆ ಕಂಡರೂ ಚಮಚ ಹಾಕಿದೊಡನೆ ಉಕ್ಕಿ ಕೈ ಸುಡಬಹುದು. ಒಳಗೆ ಏನಾದರೂ ಹೊತ್ತಿಕೊಂಡರೆ ಬಾಗಿಲು ತೆರೆಯದೆ ಗೋಡೆಯ ಸ್ವಿಚ್ ಆರಿಸಬೇಕು. ಹಾಗೆಯೇ, ಯಾರಿಗಾದರೂ ಕರೆಂಟ್ ಹೊಡೆದರೆ ಅವರನ್ನು ಮುಟ್ಟಬಾರದು. ಮೊದಲು ಪಡಸಾಲೆಯ ಮೇನ್ ಸ್ವಿಚ್ ಕೆಳಗೆ ಎಳೆಯಬೇಕು. ಇದಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಕೊನೆಯ ಸಾಲಿನಲ್ಲಿ, ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸಿ, ನಂತರ ಮುಟ್ಟಲು ಒರೆಸಲು ಅಪಾಯವಿಲ್ಲ ಎಂದು ಬರೆದೆ. ಪ್ಲಗ್ ಕಿತ್ತಿಡಿ ಎಂದು ಬರೆಯಲಿಲ್ಲ.

ಸಾಹುಕಾರರ ಹೆಂಡತಿ, ಅಂದರೆ ಆ ಸೊಸೆಯ ಅತ್ತೆ, ಬಾಗಿಲಲ್ಲಿ ನಿಂತು ಎಲ್ಲ ಕೇಳಿದರು. ಬೆಳಿಗ್ಗೆ ಸ್ನಾನವಾದ ಮೇಲೆ ಒದ್ದೆ ಸೀರೆಯಲ್ಲೇ ಅಡಿಗೆಮನೆಗೆ ಬಂದು ಒಲೆ, ಗ್ಯಾಸು, ಬೀಸುಕಲ್ಲು, ಜೋಳದ ಡಬ್ಬಿ ಎಲ್ಲಕ್ಕೂ ನೀರಲ್ಲಿ ಕಲಸಿದ ವಿಭೂತಿ ಹಚ್ಚಿ, ಆಮೇಲೆ ಲಿಂಗಪೂಜೆಗೆ ಕೂರುವುದು ಅವರ ರೂಢಿ. ಆ ದಿನ ಓವನ್ನಿಗೂ ಮೂರು ಬೆರಳು ಎಳೆದರು. ಹಸಿ ಕೈ, ಬರಿಗಾಲು, ಕೆಳಗೆ ಕಲ್ಲು. ನಾನು ನೋಡಿದೆ. ಆಗ ನಾನು ಆಡಿದ ಮಾತು ಇಂದಿಗೂ ನಾಚಿಕೆ ತರಿಸುತ್ತದೆ. ಹಸಿ ಕೈ ಬೇಡ ಎನ್ನಬೇಕಾದವನು ಈ ಯಂತ್ರಕ್ಕೆ ವಿಭೂತಿಯ ಅಗತ್ಯವಿಲ್ಲ ಎಂದೆ.

ಅವರು ಸಿಟ್ಟಾಗಲಿಲ್ಲ. “ನಿಮ್ಮ ಓದು ನಿಮಗ ಸರ್, ನಮ್ಮ ವಿಭೂತಿ ನಮಗ,” ಎಂದರು. ಮಾತು ಅಲ್ಲಿಗೆ ಮುಗಿಯಿತು.

ಮೊದಲ ವಾರದಲ್ಲೇ ಒಂದು ಅವಘಡ. ನಮ್ಮ ಕಡೆ ಜೋಳದ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿ ತಿಂಗಳುಗಟ್ಟಲೆ ಇಡುತ್ತಾರೆ. ಅತ್ತೆಯವರು ಐದಾರು ಖಡಕ್ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಓವನ್ನಿನಲ್ಲಿಟ್ಟು ಟೈಮರಿನ ಗುಂಡಿ ಪೂರಾ ತಿರುಗಿಸಿದ್ದರು. ಅದರಲ್ಲಿ ನೀರಿನ ಅಂಶವೇ ಇಲ್ಲ. ಹೊರಗೆ ಬೆಚ್ಚಗೂ ಆಗದೆ ನಡುವೆ ಕಪ್ಪಗೆ ಸುಟ್ಟು, ಅರಿವೆ ಹೊತ್ತಿಕೊಂಡು, ಗಾಜಿನ ಹಿಂದೆ ಉರಿ ಕಂಡಿತಂತೆ. ಬಾಗಿಲು ತೆಗೆಯಲು ಹೋದ ಅತ್ತೆಯನ್ನು ಸೊಸೆ ತಡೆದು, ಸ್ವಿಚ್ ಆರಿಸಿ, ಉರಿ ತಾನಾಗಿ ನಂದುವ ತನಕ ಕಾದಳು. ಎಲ್ಲ ನೆಟ್ಟಗೆ, ಹಾಳೆಯಲ್ಲಿದ್ದಂತೆ. ಮಾರನೆಯ ದಿನ ನಾನು ಹೋಗಿ ಒಳಗೋಡೆ ಒರೆಸಿ, ಬಾಗಿಲ ಅಂಚು ಪರೀಕ್ಷಿಸಿ, ಬಟ್ಟಲು ನೀರು ಕಾಸಿ ನೋಡಿದೆ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಆದರೆ ಆ ಮನೆಯಲ್ಲಿಯೇ ಇದ್ದ ಸಾಹುಕಾರರ ವಿಧವೆ ಅಕ್ಕ ಅವತ್ತಿನಿಂದ ಅದನ್ನು ‘ಆಳಂದದ ಪೆಟಿಗಿ’ ಎಂದು ಕರೆಯತೊಡಗಿದರು. ಸೊಸೆಯ ಮುಂದೆಯೇ.

ಮೇ ತಿಂಗಳಲ್ಲಿ ಒಂದು ಸಂಜೆ ದೊಡ್ಡ ಗಾಳಿ ಎದ್ದಿತು. ತಗಡು ಹಾರಿದವು, ಬೇವಿನ ಮರ ಬಿದ್ದವು, ಕಂಬಗಳು ವಾಲಿದವು. ಊರಿಗೆ ಕರೆಂಟ್ ಹೋಯಿತು. ಸಾಹುಕಾರರ ಮನೆಗೆ ಕಂಬದಿಂದ ಬರುವ ಜೋಡಿ ತಂತಿ ಹರಿದು ಬಿದ್ದಿತ್ತು. ಮರುದಿನ ಸಂಜೆ ವೈರ್‌ಮನ್ ತಾನೇ ಕಂಬ ಹತ್ತಿ ಕಟ್ಟಿದ. ಲೈನಿನಲ್ಲಿ ಕರೆಂಟ್ ಇಲ್ಲದ್ದರಿಂದ ಟೆಸ್ಟರ್ ಹಿಡಿದು ನೋಡಲು ಆಗಲಿಲ್ಲ. ಎರಡು ತಂತಿಗಳಲ್ಲಿ ಒಂದು ಕೆಂಪು, ಒಂದು ಕಪ್ಪು ಇದ್ದದ್ದು ನಿಜ. ಆದರೆ ಏಳೆಂಟು ಬೇಸಿಗೆಯ ಬಿಸಿಲಿಗೆ ಎರಡೂ ಒಂದೇ ಬೂದಿ ಬಣ್ಣಕ್ಕೆ ಬಂದಿದ್ದವು.

ಅದರ ಮಾರನೆಯ ಬೆಳಿಗ್ಗೆ ಅತ್ತೆಯವರು ಓವನ್ನಿನ ಮುಂದೆ ಬಿದ್ದರು.

ನನ್ನನ್ನು ಕರೆಸಿದಾಗ ಎಂಟು ಗಂಟೆ ಇರಬಹುದು. ಜೀವ ಆಗಲೇ ಹೋಗಿತ್ತು. ಅಂಗಳದಲ್ಲಿ ಹೆಂಗಸರ ಅಳು. ಅಡಿಗೆಮನೆಗೆ ಹೋದೆ. ಓವನ್ನಿನ ಬಾಗಿಲ ಸುತ್ತಲಿನ ಹೊಳೆಯುವ ಪಟ್ಟಿಯ ಮೇಲೆ ವಿಭೂತಿಯ ಎರಡು ಗೆರೆ ಇದ್ದವು. ಮೂರನೆಯದು ಅರ್ಧಕ್ಕೆ ಜಾರಿತ್ತು. ಸಾಹುಕಾರರ ಅಕ್ಕ ಓವನ್ನಿನ ಬಾಗಿಲು ತೆಗೆದು ತೋರಿಸಿದರು. ಒಳಗೆ ಸ್ಟೀಲಿನ ಪಾತೇಲಿ, ಅದರಲ್ಲಿ ಹಾಲು.

“ಸ್ಟೀಲ್ ಇಡಬ್ಯಾಡ ಅಂತ ಸರ್ ಬರದು ಕೊಟ್ಟಾರ. ಆಕಿ ಇಟ್ಟಾಳ. ರಾತ್ರಿ ಗುಂಯ್ ಅಂತ ಸಪ್ಪಳ ನಾ ಕೇಳೇನಿ,” ಎಂದರು ಅವರು. ಆಮೇಲೆ ದನಿ ತಗ್ಗಿಸಿ, “ಅತ್ತಿ ಬಿದ್ದರ ಹಿಡದಾಳೇನು? ನೋಡಿಕೊಂತ ನಿಂತು ಪಡಸಾಲಿಗೆ ಓಡ್ಯಾಳ.”

ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅದೂ ಅಲ್ಲಿದ್ದವರ ಕಣ್ಣಿಗೆ ತಪ್ಪಾಗಿಯೇ ಕಂಡಿರಬೇಕು. ಅವಳು ಹೇಳಿದ್ದನ್ನು ನಾನು ಅಂಗಡಿಗೆ ಹೋದ ಮೇಲೆ ಬಿಲ್ಲುಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡೆ, ಹಾಗಾಗಿ ಇದು ಸರಿಯಿದೆ. “ಸರ್, ನಾ ಒಂದು ತಪ್ಪೂ ಮಾಡಿಲ್ರಿ. ಎರಡು ದಿನದಿಂದ ಲೈಟೇ ಇದ್ದಿಲ್ಲ. ಬೆಕ್ಕಿನ ಕಾಟ ಅಂತ ಹಾಲು ಅದರಾಗ ಮುಚ್ಚಿಟ್ಟಿದ್ದೆ, ಅಷ್ಟ. ಸ್ವಿಚ್ ಬಂದ್ ಮಾಡೇ ಇತ್ತು. ಅತ್ತಿಯವರು ಬಿದ್ದಾಗ ಮುಟ್ಟಬ್ಯಾಡ, ಪೈಲೆ ಮೇನ್ ಆಫ್ ಮಾಡು ಅಂತ ನೀವ ಹೇಳಿದ್ರಲ್ರಿ. ಹೇಳಿದ್ದು ಖರೇ ಹೌದಲ್ರಿ?”

ಹೌದು ಎಂದೆ. ಆದರೆ ಎಷ್ಟು ಗಟ್ಟಿಯಾಗಿ ಎಂದೆ ಎಂಬುದು ಗೊತ್ತಿಲ್ಲ.

ಅಲ್ಲಿ ನಡೆಯುತ್ತಿದ್ದುದು ಸ್ಪಷ್ಟವಿತ್ತು. ಠಾಣೆಗೆ ಯಾರೂ ಹೋಗುವುದಿಲ್ಲ, ಮನೆಯ ಮಾತು ಮನೆಯಲ್ಲೇ ಮುಗಿಯಬೇಕು ಎಂದು ಹಿರಿಯರು ತೀರ್ಮಾನಿಸಿದ್ದರು. ಸಂಜೆಯೊಳಗೆ ಮಣ್ಣು ಮಾಡುವುದು. ಸೊಸೆಯ ತಂದೆ ಆಳಂದದಿಂದ ಬರುತ್ತಿದ್ದರು. ತಪ್ಪು ಆಕೆಯದೆಂದಾದರೆ ಮಗಳನ್ನು ಅವರ ಜೊತೆಗೇ ಕಳಿಸಿಬಿಡುವುದು. ಆಕೆಯ ಗಂಡ ವ್ಯಾಪಾರಕ್ಕೆಂದು ಸೊಲ್ಲಾಪುರಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಯಂತ್ರದ ವಿಷಯ ಗೊತ್ತಿದ್ದವನು ನಾನೊಬ್ಬ. ನಾನು ಪಾತೇಲಿಯ ಕಡೆ ಬೆರಳು ತೋರಿಸಿದರೆ ಆಯಿತು, ಆಕೆಯ ಬಾಳು ಅಷ್ಟಕ್ಕೇ.

ಎಲ್ಲರನ್ನೂ ಹೊರಗೆ ಕಳಿಸಿ ಕೆಲಸ ಶುರುಮಾಡಿದೆ. ಮೇನ್ ಸ್ವಿಚ್ ಇನ್ನೂ ಕೆಳಗೇ ಇತ್ತು, ಆಕೆ ಎಳೆದಂತೆಯೇ. ಪಾತೇಲಿ ಹೊರಗೆ ತೆಗೆದೆ. ಹಾಲಿನ ಮೇಲೆ ಕೆನೆ ಒಂದೇ ಹಾಳೆಯಾಗಿ ಮುರಿಯದೆ ನಿಂತಿತ್ತು. ಪಾತೇಲಿಯ ಅಂಚಿನಲ್ಲಾಗಲಿ ಓವನ್ನಿನ ಒಳಗೋಡೆಯಲ್ಲಾಗಲಿ ಕಿಡಿಯ ಕಪ್ಪು ಚುಕ್ಕೆ ಒಂದೂ ಇಲ್ಲ. ಸ್ಟೀಲು ಒಳಗಿಟ್ಟು ಓಡಿಸಿದ್ದರೆ ಗುರುತು ಬೀಳದೆ ಇರುವುದು ಕಷ್ಟ. ಓಡಿಸಿಲ್ಲ ಎಂದುಕೊಂಡೆ. ಹಾಗಾದರೆ ಕರೆಂಟ್ ಎಲ್ಲಿಂದ ಬಂತು?

ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ವೈರ್‌ಮನ್ ಅಷ್ಟರಲ್ಲಿ ಬಂದಿದ್ದ. ಮೇನ್ ಹಾಕು ಎಂದು ಕೂಗಿದೆ. ಗೋಡೆಯ ಸ್ವಿಚ್ ಆರಿಯೇ ಇತ್ತು. ಟೆಸ್ಟರನ್ನು ಓವನ್ನಿನ ಲೋಹದ ಪಟ್ಟಿಗೆ ತಾಗಿಸಿದೆ. ಟೆಸ್ಟರಿನ ದೀಪ ಹೊತ್ತಿತು. ಮೀಟರ್ ಹಿಡಿದೆ: ಪಟ್ಟಿಗೂ ಒದ್ದೆ ಕಲ್ಲಿಗೂ ನಡುವೆ ನೂರಾ ತೊಂಬತ್ತು. ಸ್ವಿಚ್ ಆರಿಸಿದ, ಓಡದೇ ಇರುವ ಓವನ್ನಿನ ಮೈಯಲ್ಲಿ ಪೂರ್ತಿ ಕರೆಂಟ್. ಎರಡು ಸಲ, ಮೂರು ಸಲ ನೋಡಿದೆ. ಮೇನ್ ಕೆಳಗೆಳೆಸಿ ಸಾಕೆಟ್ಟಿನ ಸ್ಕ್ರೂ ಬಿಚ್ಚಿದೆ.

ಒಳಗೆ ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ ಬೆರಳುದ್ದದ ಒಂದು ಕೆಂಪು ತಂತಿ. ಅಷ್ಟೇ. ನನ್ನ ಬಲ್ಬು ಬೆಳ್ಳಗೆ ಉರಿದದ್ದು ಇದರಿಂದ. ನಾನು ಫೇಜಿಗೂ ನೆಲಕ್ಕೂ ನಡುವೆ ಬಲ್ಬು ಹಿಡಿದಿರಲೇ ಇಲ್ಲ. ಫೇಜಿಗೂ ನ್ಯೂಟ್ರಲಿಗೂ ನಡುವೆ ಹಿಡಿದಿದ್ದೆ. ಯಾವ ಮನೆಯಲ್ಲಿ ಹಾಗೆ ಹಿಡಿದರೂ ಬಲ್ಬು ಪೂರ್ತಿ ಉರಿಯುತ್ತದೆ. ಅಲ್ಲಿಯವರೆಗೆ ಆ ತಂತಿಯಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಕಂಬದ ಮೇಲೆ ಎರಡು ತಂತಿ ಅದಲುಬದಲಾದ ದಿನ ನ್ಯೂಟ್ರಲ್ ಇದ್ದದ್ದು ಫೇಜ್ ಆಯಿತು, ಫೇಜು ಆ ಬೆರಳುದ್ದದ ತಂತಿಯ ಮೂಲಕ ನೇರ ಓವನ್ನಿನ ಮೈಗೆ ಹತ್ತಿತು. ಗೋಡೆಯ ಸ್ವಿಚ್ಚು ಇನ್ನೊಂದು ತಂತಿಯನ್ನು ಕಡಿಯುತ್ತಿತ್ತು. ಅದನ್ನು ಆರಿಸಿದರೂ ಹಾಕಿದರೂ ಒಂದೇ. ಪ್ಲಗ್ ಕಿತ್ತಿದ್ದರೆ ಮಾತ್ರ ಅತ್ತೆಯವರು ಬದುಕುತ್ತಿದ್ದರು.

ವೈರ್‌ಮನ್ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಅವನಿಗೂ ಅರ್ಥವಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಗುಂಡಿ ಕೆಲಸ ಮಾಡುವುದಿಲ್ಲ, ಟೆಸ್ಟ್ ಮಾಡುವವರು ಬಲ್ಬು ಉರಿಯಲಿಲ್ಲ ಎಂದು ತಕರಾರು ತೆಗೆಯುತ್ತಾರೆ, ಅದಕ್ಕೆ ಹೀಗೆ ಜೋಡಿಸುವುದನ್ನು ತನ್ನ ಉಸ್ತಾದನೇ ಕಲಿಸಿದ್ದ ಎಂದ. ಆಮೇಲೆ ಬಾಗಿಲ ಕಡೆ ನೋಡಿ, ಮೆಲ್ಲಗೆ:

“ಸರ್, ಪಾತೇಲಿದ ತಪ್ಪು ಅಂದ್ಬಿಡ್ರಿ. ನಾನೂ ಪಾರು, ನೀವೂ ಪಾರು. ಅರ್ಥಿಂಗ್ ಚಲೋ ಅದ ಅಂದವ್ರು ನೀವ ಅಲ್ಲೇನ್ರಿ?”

“ಮತ್ತ ಆ ಹುಡುಗಿ?”

“ಆಕಿಗೆ ತವರುಮನಿ ಅದಲ್ರಿ. ನನಗೇನದ?”

ಅವನನ್ನು ನೀಚನೆಂದು ಬರೆದರೆ ಸುಲಭ. ಅವನು ಹೆದರಿದ್ದ, ಅಷ್ಟೇ. ನಾನೂ ಹೆದರಿದ್ದೆ. ಆ ಕೆಂಪು ತಂತಿಯನ್ನು ಕಡಿದು ಜೇಬಿನಲ್ಲಿಟ್ಟುಕೊಂಡೆ. ಸಾಕ್ಷಿಗೆಂದು ಇಟ್ಟುಕೊಂಡೆನೋ ಬಚ್ಚಿಡಲೆಂದೋ, ಆ ಕ್ಷಣದಲ್ಲಿ ನನಗೇ ತಿಳಿದಿರಲಿಲ್ಲ. ಹಿತ್ತಲಿಗೆ ಹೋಗಿ ಕೈ ತೊಳೆದೆ, ಮತ್ತೆ ತೊಳೆದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಅಲ್ಲಿದ್ದೆ. ನಾನು ಯೋಚಿಸುತ್ತಿದ್ದುದು ನ್ಯಾಯದ ಬಗ್ಗೆ ಅಲ್ಲ. ಅಂಗಡಿಗೆ ಇನ್ನು ಯಾರಾದರೂ ಬರುತ್ತಾರೆಯೇ ಎಂದು ಯೋಚಿಸುತ್ತಿದ್ದೆ. ಕೊನೆಗೆ ನನ್ನನ್ನು ಎಬ್ಬಿಸಿದ್ದು ಏನು ಎಂದು ಕೇಳಿದರೆ, ಆಕೆ ಕೇಳಿದ ಪ್ರಶ್ನೆ: ಹೇಳಿದ್ದು ಖರೇ ಹೌದಲ್ರಿ? ಆ ಮನೆಯಲ್ಲಿ ನನ್ನ ಹಾಳೆಯನ್ನು ಅಕ್ಷರ ಬಿಡದೆ ಪಾಲಿಸಿದವಳು ಆಕೆಯೊಬ್ಬಳೇ.

ಪಡಸಾಲೆಯಲ್ಲಿ ಸಾಹುಕಾರರು, ಅವರ ಅಕ್ಕ, ನಾಲ್ಕು ಜನ ಹಿರಿಯರು, ಆಗಷ್ಟೇ ಬಂದಿದ್ದ ಸೊಸೆಯ ತಂದೆ ಕೂತಿದ್ದರು. ತಂತಿಯನ್ನು ತೆಗೆದು ಸಾಹುಕಾರರ ಮುಂದೆ ಇಟ್ಟೆ. ಸಾವಿಗೆ ಪಾತೇಲಿ ಕಾರಣವಲ್ಲ, ಓವನ್ನೂ ಕಾರಣವಲ್ಲ, ಈ ತಂತಿ ಕಾರಣ. ಇದನ್ನು ಹಾಕಿದ್ದು ವೈರ್‌ಮನ್, ಆದರೆ ಅರ್ಥಿಂಗ್ ಸರಿಯಿದೆ ಎಂದವನು ನಾನು ಎಂದೆ. ಸೊಸೆ ಮೇನ್ ಸ್ವಿಚ್ಚಿಗೆ ಓಡಿದ್ದಕ್ಕೇ ಆ ಮನೆಯಲ್ಲಿ ಎರಡನೇ ಹೆಣ ಬೀಳಲಿಲ್ಲ ಎಂದೆ. ಉಳಿದದ್ದು ಏನೇನು ಹೇಳಿದೆನೋ ನೆನಪಿಲ್ಲ. ವಿಭೂತಿಯ ಮಾತನ್ನು ಎತ್ತಲಿಲ್ಲ. ಅಷ್ಟರ ಮಟ್ಟಿಗೆ ನಾನು ಕಲಿತಿದ್ದೆ.

ಸಾಹುಕಾರರು ತಂತಿಯನ್ನು ಮುಟ್ಟಲಿಲ್ಲ. “ಇಷ್ಟು ಓದಿದವ್ರಿಗೆ ಇದು ಮೊದಲ ಕಾಣಲಿಲ್ಲೇನ್ರಿ ಸರ್?” ಎಂದರು.

ನಾನು ಹೇಳಿದ್ದರಿಂದ ಎಲ್ಲ ನೇರವಾಯಿತು ಎಂದು ಬರೆಯಲು ಬರುವುದಿಲ್ಲ. ತನ್ನ ತಪ್ಪು ತಾನೇ ಒಪ್ಪಿಕೊಂಡವನ ಉಳಿದ ಮಾತೂ ಹಗುರಾಗುತ್ತದೆ ಎಂದು ಅವತ್ತು ತಿಳಿಯಿತು. ಸಾಹುಕಾರರ ಅಕ್ಕ ಪಟ್ಟು ಬಿಡಲಿಲ್ಲ: ರಾತ್ರಿ ಸಪ್ಪಳ ಕೇಳಿದ್ದು ಖರೇ, ಹುಡುಗಿ ಸ್ಟೀಲಿಟ್ಟು ಓಡಿಸಿದ್ದಕ್ಕೇ ಮಶೀನು ಕೆಟ್ಟು ಕರೆಂಟು ಮೈಗೆ ಬಂತು, ಸರ್ ಗುರುತಿನವಳೆಂದು ಆಕೆಯನ್ನು ಉಳಿಸುತ್ತಿದ್ದಾರೆ ಎಂದರು. ಮಣ್ಣು ಮುಗಿದ ಮಾರನೆಯ ದಿನ ತಂದೆ ಮಗಳನ್ನು ಕರೆದುಕೊಂಡು ಆಳಂದಕ್ಕೆ ಹೋದರು. ನಾಲ್ಕು ದಿನ ಇದ್ದು ಬರಲಿ ಎಂದು ಕಳಿಸಿದ್ದು. ನಾಲ್ಕು ದಿನ ಮುಗಿದು, ತಿಂಗಳೂ ಕಳೆಯಿತು.

ಆ ತಿಂಗಳು ನಾನೂ ವೈರ್‌ಮನ್ನೂ ಮನೆ ಮನೆ ತಿರುಗಿದೆವು. ಯಾವ ಯಾವ ಮನೆಯಲ್ಲಿ ಅಂಥ ತಂತಿ ಹಾಕಿದ್ದೇನೆ ಎಂಬುದು ಅವನಿಗೆ ಬಾಯಿಪಾಠವಿತ್ತು. ಅವನ ನೆನಪಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂದದ್ದು ಅದೊಂದೇ ಸಲ. ನಾನು ಮುಚ್ಚಳ ಬಿಚ್ಚುತ್ತಿದ್ದೆ, ಅವನು ತಂತಿ ಕಡಿಯುತ್ತಿದ್ದ. ನಂತರ ಗುಂಡಿ ಹುಡುಕಿ, ಅರ್ಥ್ ತಂತಿ ಎಳೆದು, ಎರಡು ಕೊಡ ನೀರು ಹೊಯ್ದು ಬಲ್ಬು ಹಿಡಿಯುತ್ತಿದ್ದೆವು. ಬಲ್ಬು ಮಂಕಾಗಿ ಉರಿಯುತ್ತಿತ್ತು. ಮೊದಲು ಝಗಝಗ ಉರಿಯುತ್ತಿತ್ತು, ನೀವು ಬಂದು ಕೆಡಿಸಿದಿರಿ ಎಂದು ಜನ ಜಗಳ ತೆಗೆದರು. ಇಬ್ಬರು ಮನೆಯೊಳಗೇ ಬಿಡಲಿಲ್ಲ. ಒಬ್ಬಾಕೆ ತನ್ನ ಪಾಲಿನ ನೀರನ್ನು ಗುಂಡಿಗೆ ಹೊಯ್ಯಲು ಒಪ್ಪದೆ ಕೊಡವನ್ನು ಅಪ್ಪಿ ಕೂತಳು.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಸಾಹುಕಾರರ ಮಗ, ಅಂದರೆ ಆ ಸೊಸೆಯ ಗಂಡ, ಅಂಗಡಿಗೆ ಬಂದ. ತಾಯಿಯನ್ನು ಕಳೆದುಕೊಂಡವನು, ಕ್ಷೌರ ಮಾಡಿಸಿರಲಿಲ್ಲ. ಸ್ಟೂಲಿನ ಮೇಲೆ ಕೂತ. ಸೋದರತ್ತೆ ಒಂದು ಹೇಳುತ್ತಾಳೆ, ಹೆಂಡತಿ ಒಂದು ಹೇಳುತ್ತಾಳೆ, ತಾನು ಊರಲ್ಲಿರಲಿಲ್ಲ ಎಂದ.

“ಸರ್, ಒಂದ ಮಾತು ಹೇಳ್ರಿ. ಅವತ್ತು ರಾತ್ರಿ ಊರಾಗ ಲೈಟ್ ಇತ್ತೇನ್ರಿ? ಇತ್ತಂದ್ರ ಆಕಿ ಸುಳ್ಳ ಹೇಳ್ಯಾಳ. ಇದ್ದಿಲ್ಲಂದ್ರ ನಾ ಹೋಗಿ ಕರಕೊಂಡು ಬರ್ತೇನಿ.”

ಇರಲಿಲ್ಲ ಎನ್ನಲು ಬಾಯಿ ತೆರೆದೆ. ಆಗ ನನ್ನ ನೆನಪಿನಲ್ಲಿ ಒಂದು ಚಿತ್ರ ಬಂತು: ಆ ರಾತ್ರಿ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದೇನೆ, ಮೇಲೆ ಫ್ಯಾನು ತಿರುಗುತ್ತಿದೆ. ಅದರ ರೆಕ್ಕೆಯೊಂದು ಕಟಕಟ ಎನ್ನುತ್ತಿದೆ. ಸ್ಪಷ್ಟವಾಗಿ. ಫ್ಯಾನು ತಿರುಗಿತ್ತೆಂದರೆ ಕರೆಂಟಿತ್ತು. ಕರೆಂಟಿತ್ತೆಂದರೆ ಆಕೆ ಸುಳ್ಳು ಹೇಳಿದ್ದಳು, ಸಾಹುಕಾರರ ಅಕ್ಕನ ಮಾತು ನಿಜ. ಆದರೆ ಕೆನೆ ಮುರಿದಿರಲಿಲ್ಲ; ಪಾತೇಲಿಯಲ್ಲಿ ಕಿಡಿಯ ಗುರುತಿರಲಿಲ್ಲ. ಇವೆರಡೂ ಒಟ್ಟಿಗೆ ನಿಲ್ಲುವುದಿಲ್ಲ. ಒಂದನ್ನು ಕಣ್ಣಾರೆ ನೋಡಿದ್ದೆ, ಇನ್ನೊಂದು ನೆನಪಾಗಿತ್ತು. ಅವನ ಹೆಂಡತಿಯ ಬಾಳನ್ನು ನಾನು ಎರಡರಲ್ಲಿ ಯಾವುದರ ಮೇಲೂ ಕಟ್ಟಲಾರದೆ ಹೋದೆ. ನನಗೆ ನೆನಪಿಲ್ಲ, ಆದರೆ ಬರೆದಿಟ್ಟಿರುವ ಜಾಗ ಒಂದಿದೆ ಎಂದೆ. ಅವನು ಎದ್ದ.

ಕರೆಂಟ್ ಆಫೀಸಿಗೆ ಇಬ್ಬರೂ ನಡೆದು ಹೋದೆವು. ಕೆಸರಿನಲ್ಲಿ ಅವನ ಚಪ್ಪಲಿ ಕಿತ್ತುಹೋಯಿತು, ಕೈಯಲ್ಲಿ ಹಿಡಿದುಕೊಂಡು ಬಂದ. ಅಲ್ಲಿ ಪಾಳಿಯಲ್ಲಿದ್ದವರು ಮೊದಲು ಕೊಡಲು ಹಿಂಜರಿದರು. ಇವನ ಮುಖ ನೋಡಿ, ಯಾರ ಮಗನೆಂದು ತಿಳಿದು, ಲೈನ್ ಬಂದ್ ಆದದ್ದು, ಚಾಲೂ ಆದದ್ದನ್ನು ಬರೆಯುವ ಉದ್ದನೆಯ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿದರು. ನಾನು ಓದಲಿಲ್ಲ, ಅವನ ಕಡೆ ತಿರುಗಿಸಿದೆ. ಅವನು ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ನನ್ನನ್ನು ಕಾಯದೆ ಬರಿಗಾಲಲ್ಲೇ ಬಸ್‌ ನಿಲ್ದಾಣದ ಕಡೆ ಹೊರಟ. ನಾನು ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡು ತಾರೀಖು, ಗಂಟೆ ಎರಡನ್ನೂ ನೋಡಿ ಖಾತ್ರಿ ಮಾಡಿಕೊಂಡೆ. ಗಾಳಿ ಎದ್ದ ಸಂಜೆ ಹೋದ ಕರೆಂಟು ಮೂರನೆಯ ದಿನ ಬೆಳಿಗ್ಗೆ ಐದೂ ನಲವತ್ತಕ್ಕೆ ಬಂದಿತ್ತು. ಅದಕ್ಕೆ ಮುಂಚಿನ ಎರಡು ರಾತ್ರಿಯೂ ಅಫಜಲಪುರದಲ್ಲಿ ಕರೆಂಟ್ ಇರಲಿಲ್ಲ.